ಒಗೆಯುವ ಕಲ್ಲಿನ ಮೇಲಿದ್ದ ಹೆಸರು

ಹೊಂಗನೂರು ಕಡೆಯ ಬೈರಮ್ಮನ ಮಗಳು ಭಾನುಪ್ರಿಯ ಪಿಯುಸಿ ಪಾಸಾದಳು. ಪಾಸಾದದ್ದಕ್ಕೆ ಮನೆಯಲ್ಲಿ ಪಾಯಸವಾಯಿತು. ಇತಿಹಾಸ ತಗೊಂಡು ಬಿ.ಎ. ಮಾಡುತ್ತೇನೆ ಅಂದದ್ದಕ್ಕೆ ರಂಪವೂ ಆಯಿತು. ಅರ್ಜಿ ಹಾಕಲು ನಾಳೆಯೇ ಕೊನೆಯ ದಿನ.

“ಸತ್ತೋದ ರಾಜರ ಕತೆ ಓದ್ಬುಟ್ರೆ ಯಾರ್ ಹೊಟ್ಟೆ ತುಂಬ್ತದೆ? ಅರ್ಜಿಗಿರ್ಜಿ ಏನೂ ಬ್ಯಾಡ!” ಎಂದು ಬಾಗಿಲಲ್ಲಿ ಕೂತಿದ್ದ ಭಾನುವಿಗೆ ಬೈಯುತ್ತ ಬೈರಮ್ಮ ಹಿತ್ತಿಲ ಕಲ್ಲಿನ ಮೇಲೆ ಸೀರೆ ಕುಕ್ಕುತ್ತಿದ್ದಳು. ಪಾಪ, ಕೋಪ ಯಾರ ಮೇಲೆಂದು ಸೀರೆಗೇನು ಗೊತ್ತು!

ಅಷ್ಟರಲ್ಲಿ ಶಾಸನಗಳ ಸರ್ವೆಗೆಂದು ಊರೂರು ಸುತ್ತುತ್ತಿದ್ದ ಮಾಗಡಿಯ ನೇತ್ರಾ ಕುಡಿಯಲು ನೀರು ಕೇಳಿಕೊಂಡು ಬಂದಳು. ಕಲ್ಲು ನೋಡಿದವಳೇ ಕೂಗಿಕೊಂಡಳು. “ಅಮ್ಮಾ, ನಿಲ್ಸಿ! ಉಜ್ಜಬೇಡಿ!”

ಬೈರಮ್ಮ ಹಾವೇ ಇರಬೇಕೆಂದು ಹಾರಿ ಹಿಂದೆ ಸರಿದಳು.

ನೇತ್ರಾ ನೊರೆ ತೊಳೆದು, ಕಲ್ಲಿಗೆ ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ತಟ್ಟಿದಳು. ಒಂದಿಷ್ಟು ಆರಿದ ಮೇಲೆ ಶಾಯಿ ಒತ್ತಿದಳು. ಕಪ್ಪು ಕಾಗದದಲ್ಲಿ ಬಿಳಿ ಅಕ್ಷರಗಳು ಎದ್ದವು.

“ಹಳೇ ಶಾಸನ ಕಣಮ್ಮಾ. ನಿಮ್ಮೂರ ಕೆರೆ ಕಟ್ಸಿದ್ದು ಒಬ್ಬ ಹೆಂಗಸು ಅಂತ ಬರ್ದವ್ರೆ.”

“ಹೆಂಗ್ಸಾ? ಯಾರೋ ಪಾಳೇಗಾರ ಅಂತಿದ್ರಲ್ಲವ್ವ! ಏನವಳ ಹೆಸ್ರು?”

ನೇತ್ರಾ ಒಂದು ಕಡೆ ಬೆರಳಿಟ್ಟಳು. ಅಲ್ಲಿ ಕಲ್ಲು ನುಣ್ಣಗಿತ್ತು. “ಹೆಸ್ರು ಇಲ್ಲಿತ್ತು. ಸವೆದೋಗೈತೆ.”

ಬೈರಮ್ಮ ದಂಗಾದಳು. ಮದುವೆಯಾಗಿ ಬಂದು ಇಪ್ಪತ್ತೆರಡು ವರ್ಷ, ದಿನಾ ಉಜ್ಜಿದ್ದು ಅಲ್ಲೇ. ಅದಕ್ಕೂ ಮೊದಲು ಅತ್ತೆ ಉಜ್ಜಿದ್ದೂ ಅಲ್ಲೇ. “ಅಯ್ಯೋ ಶಿವನೇ! ಆ ಮಾತಾಯಿ ಹೆಸ್ರ ನನ್ ಕೈಯಾರೆ ಅಳಿಸಾಕ್ಬುಟ್ನಾ?” ಕಲ್ಲಿನ ಪಕ್ಕದಲ್ಲೇ ಕೂತು ಅತ್ತುಬಿಟ್ಟಳು.

ಆಮೇಲೆ ಮೂಗು ಒರೆಸಿಕೊಂಡು ಕೇಳಿದಳು. “ಇದ್ನ ಓದಾಕೆ ನಿಂಗೆ ಸಂಬ್ಳ ಕೊಡ್ತಾರಾ?”

“ಕೊಡ್ತಾರಮ್ಮ. ನಾನೂ ಇತಿಹಾಸ ಓದ್ದೋಳೇ. ಬಿ.ಎ. ಆಗಿ ಬಿ.ಎಡ್. ಮಾಡಿದ್ರೆ ಹೈಸ್ಕೂಲ್ ಟೀಚರಾಗ್ಬೋದು. ಎಂ.ಎ. ಮಾಡಿ ನೆಟ್ಟೋ ಕೆ-ಸೆಟ್ಟೋ ಪರೀಕ್ಷೆ ಪಾಸಾದ್ರೆ ಕಾಲೇಜಲ್ಲಿ ಪಾಠ ಮಾಡ್ಬೋದು. ಪುರಾತತ್ವ, ಮ್ಯೂಸಿಯಂ, ಟೂರಿಸಂ, ಪೇಪರ್ ಆಫೀಸು ಎಲ್ಲಾ ಐತೆ. ಕೆಎಎಸ್, ಐಎಎಸ್ ಪರೀಕ್ಷೇಲೂ ಇತಿಹಾಸ ಕೇಳ್ತಾರೆ. ಹಂಗಂತ ಡಿಗ್ರಿ ಬಂದೇಟ್ಗೆ ಯಾರೂ ಕೆಲ್ಸ ತಂದ್ಕೊಡಲ್ಲ. ಕಷ್ಟಬಿದ್ದು ಓದ್ಬೇಕು.”

ಬೈರಮ್ಮ ಸೆರಗು ಕೊಡವಿ ಎದ್ದಳು. “ಏಳೇ ಭಾನು, ನಾಳೆ ಗೀಳೆ ಅನ್ಬ್ಯಾಡ, ಈಗ್ಲೇ ಚನ್ನಪಟ್ಣದ ಬಸ್ಸು ಹತ್ತಿ ಅರ್ಜಿ ಹಾಕ್ಬುಡು. ಇನ್ಯಾರ್ ಮನೆ ಹಿತ್ಲಲ್ಲಿ ಇನ್ಯಾವ ತಾಯಿ ಹೆಸ್ರು ಸವೀತಾ ಐತೋ!”

ಅಕ್ಕಂದಿರೇ, ಅಣ್ಣಂದಿರೇ, ಮಕ್ಕಳು ಇತಿಹಾಸ ಓದುತ್ತೇನೆಂದರೆ ಬೈಯುವ ಮೊದಲು ಹತ್ತಿರದ ಕಾಲೇಜಿಗೆ ಹೋಗಿ ವಿಚಾರಿಸಿ. ಅಕ್ಷರವಿರುವ ಕಲ್ಲು ಕಂಡರೆ ಉಜ್ಜಬೇಡಿ, ಒಡೆಯಬೇಡಿ, ಪಂಚಾಯಿತಿಗೆ ತಿಳಿಸಿ. ಆ ಕೆರೆಯ ನೀರು ಊರೆಲ್ಲ ಕುಡಿಯುತ್ತಿದೆ. ಕಟ್ಟಿಸಿದವಳ ಹೆಸರು ಮಾತ್ರ ಇನ್ನು ಯಾರಿಗೂ ಸಿಗುವುದಿಲ್ಲ.