ಅಪ್ಪನಿಗೆ ಬಂದದ್ದು

ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್ ಶಿವಮೂರ್ತಿಗೆ ಮಲದಲ್ಲಿ ರಕ್ತ ಹೋಗಲು ಶುರುವಾಗಿ ತಿಂಗಳುಗಳೇ ಆಗಿದ್ದವು. ಕೂತೇ ಮಾಡುವ ಕೆಲಸ, ಮೂಲವ್ಯಾಧಿ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಅಪ್ಪ ಮಾಸ್ತಪ್ಪನೂ ಹೀಗೇ ಹೇಳುತ್ತಾ ಹೇಳುತ್ತಾ ಕರುಳಿನ ಕ್ಯಾನ್ಸರಿನಲ್ಲಿ ಹೋಗಿದ್ದ. ಅದು ನೆನಪಾದಾಗೆಲ್ಲ ಬಸ್ಸಿನ ಹಾಡು ಜೋರು ಮಾಡುತ್ತಿದ್ದ. ಹೆಂಡತಿ ಬಿಂದುವಿನ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಒಂದು ಬೆಳಿಗ್ಗೆ ಟಾಯ್ಲೆಟ್ ತೊಳೆಯಲು ಹೋದ ಬಿಂದುವಿನ ಕಣ್ಣಿಗೇ ಬಿತ್ತು.

"ಯಾವಾಗಿಂದ ಇದು?"

"ಖಾರ ತಿಂದಿದ್ದಕ್ಕೆ ಕಣೇ."

"ಮಾವನೂ ಇದನ್ನೇ ಹೇಳ್ತಿದ್ರು. ನಡೀರಿ, ಇವತ್ತು ಬಸ್ಸಿಗೆ ಬೇರೆಯವ್ರು ಹೋಗ್ಲಿ."

ಸಾಗರದ ಡಾಕ್ಟರ್ ನಾರಾಯಣಮೂರ್ತಿ ಅವನ ದೊಡ್ಡ ಹೊಟ್ಟೆಯನ್ನು ಒತ್ತಿ ನೋಡಿದರು.

"ಈ ಕೊಬ್ಬು ಸುಮ್ನೆ ಕೂತಿರಲ್ಲ ಶಿವಮೂರ್ತಿಯವ್ರೆ. ಲೆಪ್ಟಿನ್ ಅಂತ ಒಂದು ಹಾರ್ಮೋನು ಬಿಡ್ತಿರುತ್ತೆ. ಬೊಜ್ಜು ಬಂದ ಮೈಯಲ್ಲಿ ಇನ್ಸುಲಿನ್ನೂ ಏರುತ್ತೆ. ಇವೆಲ್ಲ ಸೇರಿ ಕರುಳಿನ ಜೀವಕೋಶಗಳು ಮಿತಿಮೀರಿ ಬೆಳೆಯೋ ಹಾಗೆ ಮಾಡಬಹುದು ಅನ್ನೋ ಅನುಮಾನ ಇದೆ. ಪೂರ್ತಿ ಗೊತ್ತಾಗಿಲ್ಲ ಇನ್ನೂ. ನಿಮ್ಮ ತಂದೆಗೂ ಇತ್ತಲ್ಲ, ಕಾಯೋದು ಬೇಡ."

ಅಂದಿನಿಂದ ಸ್ನಾನ ಮಾಡುವಾಗಲೂ ಅವನಿಗೆ ಹೊಟ್ಟೆ ಮುಟ್ಟಿಕೊಳ್ಳಲು ಹೆದರಿಕೆ. ತಾನೇ ಉಣ್ಣಿಸಿ ಬೆಳೆಸಿದ್ದು ಒಳಗೆ ಕೂತು ಏನೋ ನಡೆಸುತ್ತಿದೆ ಅನ್ನಿಸಿ ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದ.

ಶಿವಮೊಗ್ಗದಲ್ಲಿ ಕರುಳಿಗೆ ಕ್ಯಾಮೆರಾ ಇಳಿಸಿ ನೋಡಿದರು. ಗಂಟೊಂದು ಸಿಕ್ಕಿತು, ತೆಗೆದು ಪರೀಕ್ಷೆಗೆ ಕಳಿಸಿದರು. ಆಮೇಲೆ ಫೋನ್ ಹೊಡೆದುಕೊಂಡರೆ ಸಾಕು, ಅವನು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದ. ಬಿಂದುವೇ ಎತ್ತಬೇಕು.

ಕಡೆಗೊಮ್ಮೆ ಆಸ್ಪತ್ರೆಯವರೇ ಕರೆ ಮಾಡಿದರು. ಕ್ಯಾನ್ಸರ್ ಅಲ್ಲ, ಹಾಗೇ ಬಿಟ್ಟಿದ್ದರೆ ಆಗಬಹುದಿತ್ತು. ತೂಕ ಇಳಿಸಬೇಕು, ಮುಂದಿನ ಪರೀಕ್ಷೆ ತಪ್ಪಿಸಬಾರದು. ಬಿಂದು ಗೋಡೆಗೊರಗಿ ಅತ್ತುಬಿಟ್ಟಳು. ಶಿವಮೂರ್ತಿಗೆ ಮಾತ್ರ ನಿರಾಳವಾಗಲಿಲ್ಲ. ತೀರ್ಥಹಳ್ಳಿಯಲ್ಲಿದ್ದ ಅಕ್ಕ ಕನ್ನಮ್ಮ ಕಣ್ಮುಂದೆ ಬಂದಳು. ಅವಳದ್ದೂ ಭಾರಿ ಮೈ, ಅವಳೂ ಅದೇ ಅಪ್ಪನ ಮಗಳು.

ಫೋನ್ ಮಾಡಿ ಎಲ್ಲ ಹೇಳಿದ. "ಅಕ್ಕಾ, ನೀನೂ ಒಂದ್ಸಲ ತೋರಿಸ್ಕೊ."

ಅತ್ತ ಕಡೆ ಮಾತಿನ ಮಲ್ಲಿ ಕನ್ನಮ್ಮ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.

"ಅಕ್ಕಾ?"

"ನಂಗೂ ರಕ್ತ ಹೋಗ್ತೈತೆ, ನಿಮ್ಮ ಭಾವಂಗೆ ಹೇಳ್ಬೇಡ ಕಣೋ," ಅಂದಳು ಸಣ್ಣ ದನಿಯಲ್ಲಿ. "ನಂಗೆ ಬಾಳ ಹೆದ್ರಿಕೆ ಆಗ್ತೈತೆ."

"ಹೊರಟು ನಿಂತಿರು. ನಾನೇ ಬರ್ತೀನಿ."

ಅವಸರದಲ್ಲಿ ಅಂಗಿಯ ಗುಂಡಿಗಳನ್ನು ಮೇಲೆ ಕೆಳಗೆ ಮಾಡಿ ಹಾಕಿಕೊಂಡ. ಬಿಂದು ಬಂದು ಬಿಚ್ಚಿ ಸರಿಯಾಗಿ ಹಾಕಿಕೊಟ್ಟಳು.