ಐದೂ ಮುಕ್ಕಾಲಿಗೆ ಓಡಿದ ಪಂಪು

ನನಗೆ ಅನುಮಾನ ಜಾಸ್ತಿ. ನನ್ನ ಗಂಡ ಶ್ರೀಕಂಠ ಇದನ್ನು ದೂರು ಎಂಬಂತೆ ಹೇಳುತ್ತಾನೆ. ನಾನು ಯೋಗ್ಯತೆ ಎಂಬಂತೆ ಹೇಳಿಕೊಳ್ಳುತ್ತೇನೆ. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಅದಕ್ಕೆಂದೇ ಇಲ್ಲಿ ಅಮೆರಿಕದ ಎಮರಿವಿಲ್‌ನ ಆಫೀಸಿನವರು ಹದಿಮೂರು ವರ್ಷದಿಂದ ನನ್ನನ್ನು ಇಟ್ಟುಕೊಂಡಿದ್ದಾರೆ. ಶ್ರೀಕಂಠ ಲಿವರ್‌ಮೋರಿನ ಒಬ್ಬ ಮುದುಕನಿಂದ ಹಳೆಯ ಆರ್‌ವಿ ಕೊಂಡ. ಹಾಸಿಗೆ, ಒಲೆ, ಬಾತ್ರೂಮು ಎಲ್ಲ ಇರುವ ಆ ಗಾಡಿಯನ್ನು ಡಬ್ಲಿನ್ನಿನ ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿದಾಗ ನಾನು ಕೇಳಿದ ಮೊದಲ ಮಾತು, "ಇಷ್ಟ್ ಚೆನ್ನಾಗಿದ್ರೆ ಅವ್ನ್ಯಾಕೆ ಮಾರ್ದ?" ಮಾರಿದ್ದು ಮೊಣಕಾಲು ನೋವಿನಿಂದ ಎಂದು ಆಮೇಲೆ ತಿಳಿಯಿತು. ಆ ನೋವನ್ನೂ ನಾನು ಪೂರ್ತಿ ನಂಬಿರಲಿಲ್ಲ.

ಜನವರಿಯ ಲಾಂಗ್ ವೀಕೆಂಡಿಗೆ ಬೆಟ್ಟದ ಮೇಲಿನ ಟ್ರಕಿಯ ಕಡೆ ಹೋಗಿ ಹಿಮದಲ್ಲಿ ಮೂರು ದಿನ ಕ್ಯಾಂಪ್ ಮಾಡೋಣ ಎಂದವನೂ ಶ್ರೀಕಂಠನೇ. ಅಮ್ರೀನ್ ಬರುತ್ತಾಳೆ ಎಂದ ಮೇಲೆ ನಾನು ಒಪ್ಪಿದೆ.

ಅಮ್ರೀನ್ ಈ ದೇಶದಲ್ಲಿ ನನಗಿರುವ ಒಬ್ಬಳೇ ಗೆಳತಿ. ಪರಿಚಯದವರು ಇನ್ನೂರು ಜನ ಇದ್ದಾರೆ, ಗೆಳತಿ ಒಬ್ಬಳೇ. ಒಂಬತ್ತು ವರ್ಷದ ಹಿಂದೆ ಡಬ್ಲಿನ್ನಿನ ಗ್ರೋಸರಿಯಲ್ಲಿ ನಾನು ಸೀಮೆಬದನೆಕಾಯಿಯನ್ನು ಒತ್ತಿ ಒತ್ತಿ ನೋಡುತ್ತಿದ್ದಾಗ, ಪಕ್ಕದಲ್ಲಿದ್ದ ಏಳು ತಿಂಗಳ ಬಸುರಿ, "ಅದು ಬಲ್ತೋಗಿದೆ ಕಣ್ರೀ, ಅಡೀಲಿರೋದು ತಗೊಳ್ಳಿ" ಎಂದಿದ್ದಳು. ಅವಳು ಮೈಸೂರಿನ ಮಂಡಿ ಮೊಹಲ್ಲಾದವಳು, ನಾನು ಸರಸ್ವತಿಪುರದವಳು. ನಾನು ಮರುಪ್ರಶ್ನೆ ಹಾಕದೆ ನಂಬಿದ ಅಪರೂಪದ ಮಾತುಗಳಲ್ಲಿ ಕಾಯಿಯ ಆ ಮಾತೂ ಒಂದು. ಆಗ ಹೊಟ್ಟೆಯಲ್ಲಿದ್ದ ಐಮನ್ ನಡೆಯಲು ಕಲಿತದ್ದು ನಮ್ಮ ಮನೆಯ ಕಾರ್ಪೆಟ್ಟಿನ ಮೇಲೆ. ನನಗೆ ಮಕ್ಕಳಿಲ್ಲ. ಅಮ್ರೀನಳ ಗಂಡ ಮನ್ಸೂರ್ ಹೀಟರು, ಏಸಿ ರಿಪೇರಿಯ ಸ್ವಂತ ವ್ಯಾಪಾರ ಶುರುಮಾಡಿ ಅವರೆಲ್ಲ ಕ್ಯಾಂಪ್‌ಬೆಲ್‌ಗೆ ಮನೆ ಬದಲಾಯಿಸಿದ ದಿನ ನಾನು ಬಾಗಿಲು ಹಾಕಿಕೊಂಡು ಅತ್ತಿದ್ದೆ. ಈಗಲೂ ಎರಡು ವಾರಕ್ಕೊಮ್ಮೆ ಶನಿವಾರ ಅವರು ಬರಬೇಕು. ಬರದಿದ್ದರೆ ಆ ವಾರ ನನಗೆ ವಾರ ಅನ್ನಿಸುವುದಿಲ್ಲ.

ಚಳಿಗಾಲದ ಆರ್‌ವಿಯಲ್ಲಿ ಮನುಷ್ಯರು ಹೇಗೋ ಕಂಬಳಿ ಹೊದ್ದು ಬದುಕಿಕೊಳ್ಳುತ್ತಾರೆ, ಪೈಪುಗಳದ್ದೇ ತಾಪತ್ರಯ. ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಪೈಪು ಬಿರಿಯುತ್ತದೆ. ನಾನು ಇಂಟರ್‌ನೆಟ್ಟಿನಲ್ಲಿ ಹುಡುಕಿ, ಆರ್‌ವಿಯಲ್ಲೇ ಬದುಕು ಕಳೆದ ಅಮೆರಿಕನ್ ಅಜ್ಜಂದಿರ ಸಲಹೆಗಳನ್ನೆಲ್ಲ ಸೇರಿಸಿ ಇಪ್ಪತ್ತಮೂರು ಅಂಶಗಳ ಪಟ್ಟಿ ಮಾಡಿದೆ. ಕಿಟಕಿಗಳಿಗೆ ಒಳಗಿನಿಂದ ಹೊಳೆಯುವ ಫಾಯಿಲ್ ಹೊದಿಕೆ, ಚಾವಣಿಯ ಗಾಳಿಕಿಂಡಿಗೆ ದಿಂಬು. ಬಿಸಿಗಾಳಿ ಪೈಪುಗಳವರೆಗೆ ಹೋಗಲೆಂದು ಸಿಂಕಿನ ಕೆಳಗಿನ ಕಪಾಟು ರಾತ್ರಿಯಿಡೀ ತೆರೆದಿರಬೇಕು, ಬಾತ್ರೂಮಿಗೂ ಬಾಗಿಲ ಬದಲು ಪರದೆ. ಉಸಿರಿನ ತೇವ ಹೊರಹೋಗಲು ಒಂದು ಕಿಟಕಿ ಬೆರಳಗಲ ತೆರೆದಿರಲಿ. ಅಡುಗೆ ಒಲೆ ಹಚ್ಚಿ ಯಾರೂ ಮೈ ಕಾಯಿಸಿಕೊಳ್ಳುವಂತಿಲ್ಲ. ವಿಷಗಾಳಿ ತುಂಬಿದರೆ ಕೂಗಬೇಕಾದ ಅಲಾರಮ್ಮನ್ನು ನಾನು ಮೂರು ಸಲ ಒತ್ತಿ ನೋಡಿದೆ. "ಬಿಡೇ, ಪಾಪ, ಅದಕ್ಕೂ ಗಂಟ್ಲು ನೋವು ಬಂದಿರತ್ತೆ" ಎಂದು ಶ್ರೀಕಂಠ ನಕ್ಕ.

ಕ್ಯಾಂಪ್‌ಗ್ರೌಂಡಿನಲ್ಲಿ ಕರೆಂಟು ಇತ್ತು, ಆದರೆ ನೀರಿನ ನಲ್ಲಿಗಳನ್ನು ಚಳಿಗಾಲಕ್ಕೆಂದು ಮುಚ್ಚಿದ್ದರು. ಮನೆಯಿಂದ ತುಂಬಿಸಿ ತಂದ ನಲವತ್ತು ಗ್ಯಾಲನ್ ಟ್ಯಾಂಕೇ ಮೂರು ದಿನಕ್ಕೆ ಗತಿ. ಒಳಗೆ ಯಾರು ಯಾವ ನಲ್ಲಿ ತಿರುಗಿಸಿದರೂ ಆರ್‌ವಿಯ ಪುಟ್ಟ ಪಂಪು ಗುರ್ರ್ ಎನ್ನುತ್ತದೆ. ತಲುಪಿದ ಸಂಜೆ ನಾನು ಕೂತಲ್ಲಿಂದಲೇ ಆ ಸದ್ದಿನ ಮೇಲೆ ಕಿವಿಯಿಟ್ಟೆ. ಮನ್ಸೂರ್ ಮುಖ ತೊಳೆದದ್ದು ಹನ್ನೊಂದು ಸೆಕೆಂಡು. ಐಮನ್ ಬೇಕೆಂದೇ ಎರಡು ಸಲ ಫ್ಲಶ್ ಮಾಡಿದಳು. ಪಕ್ಕದ ಗಾಡಿಯ ಗಡ್ಡದವನು ಬಂದು, ಇವತ್ತು ಹದಿನಾಲ್ಕು ಡಿಗ್ರಿಗೆ ಇಳಿಯುತ್ತದೆ, ಏನಾದರೂ ಬೇಕಾದರೆ ಬಾಗಿಲು ತಟ್ಟಿ ಎಂದು ಹೇಳಿಹೋದ. ಹದಿನಾಲ್ಕು ಎಂದರೆ ನಮ್ಮ ಲೆಕ್ಕದಲ್ಲಿ ಮೈನಸ್ ಹತ್ತು. ಇವನಿಗೇಕೆ ನಮ್ಮ ಮೇಲೆ ಇಷ್ಟು ಕಾಳಜಿ ಎಂದು ನಾನು ಅವನ ಗಾಡಿಯ ನಂಬರನ್ನು ಬರೆದಿಟ್ಟುಕೊಂಡೆ.

ಊಟಕ್ಕೆ ಅಮ್ರೀನ್ ತಂದಿದ್ದ ತರಕಾರಿ ಪಲಾವು. ನನ್ನ ಪಾತ್ರೆಗಳಿಗಾಗಿ ಅವರ ಮನೆಯವರೆಲ್ಲ ಮೂರು ದಿನಕ್ಕೆ ಮಾಂಸ ಬಿಟ್ಟು ಬಂದಿದ್ದರು. ನಾನು ಹಾಗೆ ಕೇಳಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ. ಮಲಗುವ ಮುಂಚೆ ಅಮ್ರೀನ್ ಕುಡಿಯುವ ನೀರಿನ ಕ್ಯಾನಿನಿಂದ ಒಂದು ಬಾಟಲು ತುಂಬಿ, ಶಾಲು ಸುತ್ತಿ, ತನ್ನ ಕಂಬಳಿಯೊಳಗೆ ಇಟ್ಟುಕೊಂಡಳು. ನಾನು ನೋಡಿದ್ದು ಅವಳಿಗೆ ತಿಳಿಯಲಿಲ್ಲ. ಕುಡಿಯುವ ನೀರು ಎಲ್ಲರಿಗೂ ಸೇರಿದ್ದಲ್ಲವೇ, ಇವಳಿಗೇಕೆ ಬೇರೆ? ಅದೂ ಬಚ್ಚಿಟ್ಟುಕೊಳ್ಳುವುದೇಕೆ? ಕೇಳಬಹುದಿತ್ತು. ಕೇಳಿದರೆ ಅನುಮಾನ ಅಲ್ಲಿಗೇ ಮುಗಿದುಹೋಗುತ್ತದಲ್ಲ, ಅದಕ್ಕೇ ಕೇಳಲಿಲ್ಲವೇನೋ.

ಡ್ರೈವರ್ ಸೀಟಿನ ಮೇಲಿನ ಅಟ್ಟದಂಥ ಹಾಸಿಗೆಯಲ್ಲಿ ನಾನೂ ಶ್ರೀಕಂಠನೂ. ಹಿಂದೆ ಬಾತ್ರೂಮಿನ ಪಕ್ಕದ ಹಾಸಿಗೆಯಲ್ಲಿ ಅಮ್ರೀನ್ ಮತ್ತು ಐಮನ್. ನಡುವಿನ ಸೋಫಾದಲ್ಲಿ ಮನ್ಸೂರ್. ಬೆಳಗಿನ ಜಾವ ಐದಕ್ಕೆ ಮೂಗಿನ ತುದಿ ಮರಗಟ್ಟಿ ನನಗೆ ಎಚ್ಚರವಾಯಿತು. ಇಳಿದು, ಹೀಟರನ್ನು ನಾಲ್ಕು ಡಿಗ್ರಿ ಏರಿಸಿ, ಮತ್ತೆ ಹತ್ತಿ ಮಲಗಿದೆ. ನಿದ್ದೆ ಹತ್ತುವಷ್ಟರಲ್ಲಿ ಶ್ರೀಕಂಠ ಇಳಿದುಹೋಗಿ ಬಂದ. ಆಮೇಲೆ ಹಿಂದಿನ ಹಾಸಿಗೆ ಕಿರುಗುಟ್ಟಿತು, ಕಾಲ್ಚೀಲದ ಹೆಜ್ಜೆ ಕೇಳಿಸಿತು. ಅಮ್ರೀನ್ ನಮಾಜಿಗೆ ಎದ್ದಿದ್ದಳು. ಫೋನು ನೋಡಿದೆ, ಐದೂ ಮುಕ್ಕಾಲು. ಪಂಪು ಶುರುವಾಯಿತು. ಶುರುವಾದದ್ದು ನಿಲ್ಲಲೇ ಇಲ್ಲ. ಕೈಕಾಲು ತೊಳೆಯಲು ಎಷ್ಟು ನೀರು ಬೇಕು ಇವಳಿಗೆ ಎಂದು ಹಲ್ಲು ಕಚ್ಚಿಕೊಂಡೆ. ಎದ್ದು ಹೇಳಲು ಚಳಿ ಬಿಡಲಿಲ್ಲ. ಸಿಟ್ಟಿನಲ್ಲೇ ನಿದ್ದೆ ಹೋದೆ.

ಏಳು ಗಂಟೆಗೆ ಪಂಪು ಒಣಗಂಟಲಿನಲ್ಲಿ ಕಿರುಚುತ್ತಿತ್ತು. ಟ್ಯಾಂಕಿನ ಮುಳ್ಳು ಸೊನ್ನೆಯಲ್ಲಿತ್ತು. ಬಾತ್ರೂಮಿನ ನೆಲದಲ್ಲಿ ನೀರು ನಿಂತು, ಗಾಡಿಯ ಬಾಗಿಲವರೆಗೆ ಹರಿದು, ಹೊರಗಿನ ಮೆಟ್ಟಿಲ ಮೇಲೆ ಗಾಜಿನಂತೆ ಗಟ್ಟಿಯಾಗಿತ್ತು. ಮನ್ಸೂರ್ ಹಾರಿಬಂದು ಪಂಪಿನ ಸ್ವಿಚ್ಚು ಆರಿಸಿದ. ಐಮನ್ ಮೇಜಿನ ಮುಂದೆ ಕಾರ್ನ್‌ಫ್ಲೇಕ್ಸ್ ಬಟ್ಟಲು ಹಿಡಿದು ಕೂತಿದ್ದಳು. ಅವಳು ಅಲ್ಲಿದ್ದಾಳೆ ಎನ್ನುವುದು ನನಗೆ ಗೊತ್ತಿತ್ತು. ಆದರೂ ಬಾಯಿ ನಿಲ್ಲಲಿಲ್ಲ.

"ನಲ್ಲಿ ಬಿಟ್ಟು ಮಲ್ಗಿದ್ದು ಯಾರು?" ಎಂದು ಎಲ್ಲರನ್ನೂ ಕೇಳುವವಳಂತೆ ಕೇಳಿ, ಅಮ್ರೀನಳನ್ನೇ ನೋಡಿದೆ.

"ನಾನ್ ನಲ್ಲಿ ಮುಟ್ಟೇ ಇಲ್ಲ ಶೈಲೂ."

"ಐದೂ ಮುಕ್ಕಾಲಿಗೆ ಪಂಪ್ ಓಡ್ತಿತ್ತು, ನಾನೇ ಕೇಳಿಸ್ಕೊಂಡೆ. ಆಗ ಎದ್ದಿದ್ದು ನೀನೇ ತಾನೆ?"

"ಎದ್ದಿದ್ದೆ. ಸದ್ದು ನಂಗೂ ಕೇಳಿಸ್ತು, ಹೀಟರ್ ಇರ್ಬೇಕು ಅಂದ್ಕೊಂಡೆ. ಆದ್ರೆ ನೀರು..."

"ಒಂದಿನ ನಮಾಜ್ ತಪ್ಪಿದ್ರೆ ಏನಾಗ್ಬಿಡ್ತಿತ್ತು ನಿಂಗೆ? ಮೂರ್ ದಿನದ್ ನೀರು ಒಂದೇ ಬೆಳಿಗ್ಗೆ ತೊಳ್ದು ಹಾಕ್ದೆ!"

ಐಮನ್‌ಳ ಚಮಚ ಬಟ್ಟಲಿನಲ್ಲೇ ನಿಂತಿತು. ಅವಳು ಕನ್ನಡ ಮಾತಾಡುವುದು ಕಡಿಮೆ, ಅರ್ಥವಾಗದ ಮಾತು ಮಾತ್ರ ಒಂದೂ ಇಲ್ಲ. ಶ್ರೀಕಂಠ "ಶೈಲಾ!" ಎಂದು ಗದರಿದ. ಅಮ್ರೀನ್ ಹಿಂದಕ್ಕೆ ಹೋಗಿ, ಕಂಬಳಿಯೊಳಗಿನಿಂದ ಶಾಲು ಸುತ್ತಿದ್ದ ಬಾಟಲು ತಂದು ಮೇಜಿನ ಮೇಲಿಟ್ಟಳು. ಅದು ಅರ್ಧ ಖಾಲಿಯಾಗಿತ್ತು.

"ಇದ್ರಲ್ಲೇ ಕೈಕಾಲ್ ತೊಳ್ದು ವುಜೂ ಮಾಡ್ಕೊಂಡೆ. ಟ್ಯಾಂಕ್ ನೀರು ಜೋಪಾನ ಅಂತ ನೀನೇ ಹೇಳಿದ್ಯಲ್ಲ. ರಾತ್ರಿ ಇದು ಐಸ್ ಆಗ್ದೇ ಇರ್ಲಿ ಅಂತ ಜೊತೇಲಿಟ್ಕೊಂಡು ಮಲ್ಗಿದ್ದೆ."

ನನ್ನ ಬುದ್ಧಿ ನೋಡಿ: ಆ ಬಾಟಲನ್ನೂ ನಾನು ಅನುಮಾನದಿಂದಲೇ ನೋಡಿದೆ. ಅರ್ಧ ಬಾಟಲಿನಲ್ಲಿ ಕೈ, ಮುಖ, ಕಾಲು ಎಲ್ಲ ತೊಳೆಯಲಾದೀತೇ ಎಂದು ಮನಸ್ಸಿನಲ್ಲೇ ಅಳೆಯುತ್ತ ನಿಂತೆ.

ಅಷ್ಟರಲ್ಲಿ ಮನ್ಸೂರ್ ಟಾರ್ಚು ಹಿಡಿದು ಬಾತ್ರೂಮಿನ ಒದ್ದೆ ನೆಲದ ಮೇಲೇ ಮಲಗಿ, ಕಮೋಡಿನ ಹಿಂದೆ ತಲೆ ತೂರಿಸಿದ. ಸ್ವಲ್ಪ ಹೊತ್ತಿನ ಮೇಲೆ, "ಭಾಭಿ, ಒಂಚೂರು ಬನ್ನಿ" ಎಂದ. ನಾನು ಬಗ್ಗಿ ನೋಡಿದೆ. ಅವನ ಟಾರ್ಚಿನ ಬೆಳಕು ಜೆಟ್ ಸ್ಪ್ರೇಯ ಮೇಲಿತ್ತು. ಅದರ ಪ್ಲಾಸ್ಟಿಕ್ ಜಾಯಿಂಟು ಉದ್ದಕ್ಕೆ ಸೀಳಿತ್ತು.

"ರಾತ್ರಿ ಇದ್ರೊಳ್ಗೆ ಐಸ್ ಕಟ್ಟಿ ಬಿರಿದಿದೆ. ಬೆಳಿಗ್ಗೆ ಯಾರೋ ಹೀಟರ್ ಜಾಸ್ತಿ ಮಾಡಿದಾರೆ, ಐಸ್ ಕರ್ಗಿ ನೀರು ಬರಕ್ಕೆ ಶುರುವಾಗಿದೆ. ಪಂಪು ಓಡ್ತಾನೇ ಇದೆ." ಅವನು ನನ್ನ ಮುಖ ನೋಡಲಿಲ್ಲ. "ಇದು ಕಂಪನಿಯವ್ರು ಹಾಕಿದ್ದಲ್ಲ, ಅಲ್ವಾ?"

ಅಲ್ಲ. ಹಾಕಿಸಿದವಳು ನಾನು. ಕಾಗದದಲ್ಲಿ ಒರೆಸಿಕೊಳ್ಳುವವರ ಊರಿಗೆ ಬಂದು ಇಪ್ಪತ್ತು ವರ್ಷವಾದರೂ ಜೆಟ್ ಸ್ಪ್ರೇ ಇಲ್ಲದ ಬಾತ್ರೂಮು ನನಗೆ ಬಾತ್ರೂಮಲ್ಲ. ಗಾಡಿ ಬಂದ ವಾರವೇ ಆನ್‌ಲೈನಿನಲ್ಲಿ ತರಿಸಿ, ಶ್ರೀಕಂಠನ ಬೆನ್ನು ಹತ್ತಿ, ಹೊರಗೋಡೆಗೆ ಅಂಟಿದ, ಬಿಸಿಗಾಳಿ ಸುಳಿಯದ ಆ ಮೂಲೆಯಲ್ಲಿ ಕೂರಿಸಿದ್ದೆ. ನನ್ನ ಇಪ್ಪತ್ತಮೂರು ಅಂಶಗಳಲ್ಲಿ ಅದು ಇರಲಿಲ್ಲ. ಎಲ್ಲಿಂದ ಇದ್ದೀತು? ಆ ಅಮೆರಿಕನ್ ಅಜ್ಜಂದಿರ ಯಾವ ಗಾಡಿಯಲ್ಲೂ ಅಂಥದ್ದು ಇರುವುದಿಲ್ಲ. ಶ್ರೀಕಂಠನಿಗೆ ನಗು ಬಂತು. ಬೇರೆ ಯಾರೂ ನಗದಿದ್ದುದನ್ನು ನೋಡಿ ಅವನೂ ಸುಮ್ಮನಾದ.

ಅಮ್ರೀನ್ ಹೊರಗೆ, ಮೆಟ್ಟಿಲಿನ ಮಂಜುಗಡ್ಡೆಯನ್ನು ಸೌಟಿನ ಹಿಡಿಯಿಂದ ಕುಟ್ಟಿ ತೆಗೆಯುತ್ತಿದ್ದಳು, ಮಗಳು ಜಾರದಿರಲಿ ಎಂದು. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ.

"ತಪ್ಪಾಯ್ತು ಕಣೇ. ಏನೇನೋ ಅಂದ್ಬಿಟ್ಟೆ."

"ಇರ್ಲಿ ಬಿಡು."

"ನಿಂಗೊತ್ತಲ್ಲ, ನಂಗೆ ಎಲ್ಲಾರ್ ಮೇಲೂ ಅನುಮಾನ."

ಅವಳು ಕುಟ್ಟುವುದನ್ನು ನಿಲ್ಲಿಸಿದಳು. "ಎಲ್ಲಾರ್ ಮೇಲೂ ಆಗಿದ್ರೆ ನಂಗೇನೂ ಅನ್ನಿಸ್ತಿರ್ಲಿಲ್ಲ ಶೈಲೂ. ಶ್ರೀಕಂಠ ಅವ್ರೂ ಎದ್ದಿದ್ರು. ಅವ್ರು ಬಾತ್ರೂಮಿಂದ ಬಂದ್ಮೇಲೇನೇ ನಾನ್ ಎದ್ದಿದ್ದು. ಅವ್ರನ್ನ ನೀನು ಒಂದ್ ಮಾತೂ ಕೇಳ್ಲಿಲ್ಲ."

ಅವನು ಇಳಿದುಹೋದದ್ದನ್ನು ನಾನು ನನ್ನ ಕಿವಿಯಾರೆ ಕೇಳಿದ್ದೆ. ಅವನನ್ನು ಕೇಳಬೇಕು ಎಂಬುದು ನನಗೆ ಹೊಳೆದೇ ಇರಲಿಲ್ಲ. ಎಲ್ಲವನ್ನೂ ಪರೀಕ್ಷಿಸುವವಳು ಎಂದು ಇಷ್ಟು ವರ್ಷ ಮೆರೆದ ನಾನು ನೇರವಾಗಿ ಅವಳ ಹತ್ತಿರ ಹೋಗಿ ನಿಂತಿದ್ದೆ, ಅವಳ ನಮಾಜನ್ನೇ ಹಿಡಿದು ಜಗ್ಗಿದ್ದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು, ಇವಳು ಇನ್ನು ಬರದೇ ಹೋದರೆ ಎಂದು.

ನೀರಿಲ್ಲದ ಗಾಡಿಯಲ್ಲಿ ಇನ್ನೆರಡು ದಿನ ಇರುವಂತಿರಲಿಲ್ಲ. ಮನ್ಸೂರ್ ಒಡೆದ ಕೊಳವೆಯನ್ನು ಬಿಚ್ಚಿ ಬಾಯಿಗೆ ಬಿರಡೆ ಹಾಕಿದ, ಹತ್ತು ಗಂಟೆಗೆ ಹೊರಟೆವು. ಬೆಟ್ಟ ಇಳಿದು ಫ್ರೀವೇಯಲ್ಲಿ ಬರುವಾಗ ಅಮ್ರೀನ್ ಕಿತ್ತಳೆ ಸುಲಿದು ಮೊದಲ ತೊಳೆಯನ್ನು ಎಂದಿನಂತೆ ನನಗೇ ಕೊಟ್ಟಳು. ಆಫೀಸಿನ ವಿಷಯ ಕೇಳಿದಳು, ಸರಸ್ವತಿಪುರದ ನನ್ನ ಅಕ್ಕನ ಬೆನ್ನು ನೋವು ಹೇಗಿದೆ ಎಂದಳು. ಎಲ್ಲ ಮೊದಲಿನಂತೆಯೇ ಇತ್ತು, ಅದೇ ನನಗೆ ಅನುಮಾನ ತರಿಸಿತು. ಇವಳು ಕ್ಷಮಿಸಿದ್ದಾಳೋ, ಬರೀ ಮರ್ಯಾದೆಗೆ ಮಾತಾಡುತ್ತಿದ್ದಾಳೋ? ಅವಳ ಮುಖವನ್ನು ಮತ್ತೆ ಮತ್ತೆ ಕದ್ದು ನೋಡಿದೆ. ಏನೂ ಸಿಗಲಿಲ್ಲ.

ಡಬ್ಲಿನ್ ಸೇರಿದಾಗ ಮೂರು ಗಂಟೆ. ಹಿತವಾದ ಬಿಸಿಲಿತ್ತು, ಯಾರಿಗೂ ಸ್ವೆಟರು ಬೇಕಿರಲಿಲ್ಲ. ಗಂಡಸರು ಅಮ್ರೀನಳ ಮನೆಯವರ ಸಾಮಾನನ್ನು ನಮ್ಮ ಮನೆ ಮುಂದೆ ಬಿಟ್ಟಿದ್ದ ಅವರ ಕಾರಿಗೆ ಹಾಕುತ್ತಿದ್ದರು. ನಾನು ಎಲ್ಲರಿಗೂ ಕಾಫಿಗಿಟ್ಟೆ. ಅಮ್ರೀನ್ ಒಳಗೆ ಬಂದಳು, ಆದರೆ ಕೂರಲಿಲ್ಲ.

"ಕಾಫಿ ಬೇಡ ಶೈಲೂ, ಟ್ರಾಫಿಕ್ ಆಗ್ಬಿಡತ್ತೆ."

"ಎರಡೇ ನಿಮಿಷ ಕಣೇ. ಮುಂದಿನ ಶನಿವಾರ ಬರ್ತೀರಲ್ಲ?"

"ನೋಡೋಣ" ಎಂದಳು.

ಐಮನ್ ನಮ್ಮ ಬಾತ್ರೂಮಿಗೆ ಹೋಗಿ ಬಹಳ ಹೊತ್ತಾಗಿತ್ತು. ನೀರಿನ ಸದ್ದೇ ಇರಲಿಲ್ಲ. ಕೊನೆಗೆ ಬಾಗಿಲು ಸ್ವಲ್ಪವೇ ತೆರೆಯಿತು, ಸಂದಿಯಲ್ಲಿ ಅವಳ ಮುಖ ಕಾಣಿಸಿತು.

"ಆಂಟಿ," ಎಂದಳು, "ಕ್ಯಾನ್ ಐ ಫ್ಲಶ್?"

ನಾನು ಬಾಗಿಲ ಹತ್ತಿರ ಹೋದೆ. "ಮಾಡು ಪುಟ್ಟಾ. ಇದನ್ನೆಲ್ಲ ಕೇಳ್ತಾರಾ? ನಿನ್ ಮನೆ ಅಲ್ವಾ ಇದು?"

ಐಮನ್ ಕದಲಲಿಲ್ಲ. ನನ್ನನ್ನು ದಾಟಿ ಅವಳ ಅಮ್ಮಿಯ ಮುಖ ನೋಡಿದಳು. ಅಮ್ರೀನ್ ತಲೆಯಾಡಿಸಿದ ಮೇಲೆಯೇ ಬಾಗಿಲು ಹಾಕಿಕೊಂಡಳು.