ಒಪ್ಪಿಕೊಂಡರೆ ವಾಸಿಯಾಗದ ಕಾಯಿಲೆ

ಮಾರ್ಚ್‌ನಲ್ಲಿ ಸ್ಟ್ರೋಕ್ ಆದಾಗ ಲಂಡನ್ನಿನ ಸ್ಟ್ಯಾನ್ಮೋರಿನಲ್ಲಿದ್ದ ಡಾಕ್ಟರ್ ಗೋಪೀನಾಥರ ಮಾತು ಹೋಯಿತು. ಮತ ಹೋಗಿರಲಿಲ್ಲ. ಥೆರಪಿಸ್ಟ್ ಹುಡುಗಿ ಬಂದು ಸೇಬಿನ ಚಿತ್ರ, ಕಪ್ಪಿನ ಚಿತ್ರ ಹಿಡಿದು ಹೆಸರು ಹೇಳಿಸಲು ಹೆಣಗುತ್ತಿದ್ದಳು. ಮೂವತ್ತೆಂಟು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿದವರು ಸೇಬಿಗೆಲ್ಲ ಬಾಯಿ ಬಿಡಲಿಲ್ಲ. ಮೊದಲ ತಿಂಗಳುಗಳಲ್ಲಿ ಬಾರದ ಮಾತು ಆಮೇಲೆ ಬರುವುದು ಕಷ್ಟ ಎಂದು ಅವಳು ಹೇಳಿದ ಮೇಲೆ, ಹೆಂಡತಿ ನೀರಜಾ ಕ್ಯಾಲೆಂಡರಿನತ್ತ ನೋಡುವುದನ್ನೇ ಬಿಟ್ಟರು.

ಭಾನುವಾರ ಮಾತ್ರ ಹತ್ತಿರದ ಕಿಂಗ್ಸ್‌ಬರಿಯಿಂದ ಧಾರವಾಡ ಮೂಲದ ವೀರಣ್ಣನವರು ಬರುತ್ತಿದ್ದರು. ಇಪ್ಪತ್ತು ವರ್ಷದ ಗೆಳೆಯ, ಅಂದರೆ ರಾಜಕೀಯದ ಮಾತಿನಲ್ಲಿ ಇಪ್ಪತ್ತು ವರ್ಷದ ಎದುರಾಳಿ. ಇಬ್ಬರಿಗೂ ತೆರಿಗೆ ಇಳಿಯಬೇಕು. ಅಲ್ಲಿಗೆ ಒಮ್ಮತ ಮುಗಿಯಿತು. ಗೋಪೀನಾಥರಿಗೆ ಅರಮನೆ, ಸೈನ್ಯ, ಸಂಪ್ರದಾಯ ಎಲ್ಲ ಬೇಕು. ಸಮುದ್ರ ಕಂಡಲ್ಲೆಲ್ಲ ನಮ್ಮ ಬ್ರಿಟಿಷ್ ಯುದ್ಧದ ಹಡಗಿರಬೇಕು. ವೀರಣ್ಣನವರಿಗೆ ಪೊಲೀಸು, ಕೋರ್ಟು ಬಿಟ್ಟರೆ ಸರ್ಕಾರವೇ ಬೇಡ. ಕಂಡವರ ಜಗಳಕ್ಕೆ ನಮ್ಮ ಸೈನಿಕರನ್ನು ಕಳಿಸದೆ ವ್ಯಾಪಾರ ಮಾಡಿಕೊಂಡು ಸುಮ್ಮನಿರಬೇಕು. "ಸರ್ಕಾರ ನನಗ ಕರಾ ಹಾಕೂದೂ ಬ್ಯಾಡ, ನನ್ನ ಕರಾ ಹಿಡಿಯೂದೂ ಬ್ಯಾಡ" ಎನ್ನುವುದು ಅವರ ಪ್ರಣಾಳಿಕೆ.

ಆದರೆ ಗೆಳೆಯನ ಸೊಟ್ಟ ತುಟಿ ನೋಡಿದ್ದೇ ಅವರು ಎಲ್ಲವನ್ನೂ ಒಪ್ಪಿಕೊಳ್ಳತೊಡಗಿದರು.

"ಡಾಕ್ಟರ್ರ, ನೀವು ಹೇಳಿದ್ದ ಖರೇ ಐತ್ರಿ. ಇನ್ನೂ ನಾಲ್ಕ ಹಡಗ ಕಳಸೂಣು."

ಗೋಪೀನಾಥರು ಗೋಡೆ ಕಡೆ ತಿರುಗಿ ಕಣ್ಣು ಮುಚ್ಚಿದರು.

ಆರನೇ ಭಾನುವಾರ ನೀರಜಾ ವೀರಣ್ಣನವರನ್ನು ಅಡುಗೆಮನೆಗೆ ಕರೆದರು.

"ವೀರಣ್ಣೋರೆ, ನೀವು ಹಿಂಗೆ ಹೂಂ ಹೂಂ ಅಂತಿದ್ರೆ ಇವರು ಮೂಕರಾಗೇ ಉಳೀತಾರೆ. ಮೊನ್ನೆ ಟಿವೀಲಿ ಯಾರೋ ಸೈನ್ಯದ ಖರ್ಚು ಇಳಿಸಿ ಅಂದಿದ್ದಕ್ಕೆ 'ಥೂ' ಅಂದ್ರು. ಇಷ್ಟು ದಿನಕ್ಕೆ ಅದೊಂದೇ ಮಾತು. ದಯವಿಟ್ಟು ಜಗಳ ಆಡಿ!"

"ಅಕ್ಕಾರ, ಬಿ.ಪಿ. ಏರಿದ್ರ?"

"ಇವರನ್ನ ನೋಡೋ ಜಿಪಿ ಡಾಕ್ಟರನ್ನ ಕೇಳಿದೀನಿ. ಮೆಲ್ಲಗೆ ಕೆಣಕಬಹುದು ಅಂದ್ರು."

ವೀರಣ್ಣನವರು ಹೋಗಿ ಗೆಳೆಯನ ಎದುರು ಕೂತು ಗಂಟಲು ಸರಿಮಾಡಿಕೊಂಡರು.

"ಡಾಕ್ಟರ್ರ, ಇಷ್ಟ ದಿವಸ ಸುಳ್ಳ ಹೇಳೀನ್ರಿ. ನಿಮ್ಮ ಹಡಗೆಲ್ಲಾ ಗುಜರಿಗೆ ಹಾಕ್ರಿ. ಒಂದ ಉಳಿಸಿ ಅದರಾಗ ಇಡ್ಲಿ ಹೋಟೆಲ್ ತಗೀರಿ."

ಗೋಪೀನಾಥರ ಕಣ್ಣು ತೆರೆಯಿತು.

"ಅರಮನಿ ಫ್ಲ್ಯಾಟ್ ಮಾಡಿ ಬಾಡಿಗಿಗೆ ಕೊಡ್ರಿ."

ಎಡಗೈ ಸೋಫಾದ ಅಂಚನ್ನು ಬಿಗಿಯಾಗಿ ಹಿಡಿಯಿತು.

"ಈ ಸರ್ಕಾರ ನನಗ ಏನ ಕೊಟ್ಟೈತ್ರೀ? ಏನೂ ಇಲ್ಲ!"

"ಬ... ಬಸ್ಸು..." ಗೋಪೀನಾಥರ ಕುತ್ತಿಗೆ ಕೆಂಪಾಯಿತು. "ಪುಕ್ಕಟೆ... ಬಂದ್ರಲ್ಲ!"

ಅರವತ್ತಾರು ದಾಟಿದ ಲಂಡನ್ನಿನವರಿಗೆ ಬಿಟ್ಟಿ ಓಡಾಡಲು ಕೊಡುವ ಪಾಸು ವೀರಣ್ಣನವರ ಜೇಬಿನಲ್ಲೇ ಇತ್ತು. ಅದರ ಹೆಸರು ಫ್ರೀಡಂ ಪಾಸ್. ಸರ್ಕಾರ ಬೇಡವೆಂಬ ಸ್ವಾತಂತ್ರ್ಯಪ್ರಿಯರಿಗೆ ಸರ್ಕಾರವೇ ಕೊಟ್ಟ ಸ್ವಾತಂತ್ರ್ಯ.

ವೀರಣ್ಣನವರ ಕಣ್ಣು ತುಂಬಿತು. "ನೀವು ಹೇಳಿದ್ದ..." ಎಂದು ಸೋಲೊಪ್ಪಲು ಹೊರಟವರಿಗೆ ಬಾಗಿಲಲ್ಲಿ ನಿಂತ ನೀರಜಾ ಬೇಡವೆಂದು ಜೋರಾಗಿ ತಲೆಯಾಡಿಸುವುದು ಕಾಣಿಸಿತು. ಅವರು ಮಾತು ನುಂಗಿ ದನಿ ಏರಿಸಿದರು.

"ಆ ಪಾಸ್ ನಾ ಕೇಳೇ ಇಲ್ರೀ! ಅವರ ಜುಲುಮಿ ಮಾಡಿ ಕೊಟ್ಟಾರ!"

"ಸು... ಸುಳ್ಳು!"

ನೀರಜಾ ಅಳುತ್ತ ನಗುತ್ತ ಒಳಗೆ ಹೋಗಿ ದೇವರ ಪಟಕ್ಕೊಮ್ಮೆ, ಜಿಪಿಯ ಫೋನ್ ನಂಬರಿಗೊಮ್ಮೆ ಕೈಮುಗಿದರು. ಹೊರಗೆ ಬಂದು ವೀರಣ್ಣನವರಿಗೂ ಮುಗಿದರು.

"ದೊಡ್ಡ ಉಪಕಾರ ಮಾಡಿದ್ರಿ ವೀರಣ್ಣೋರೆ. ಊಟ ಮಾಡ್ಕೊಂಡು ಹೋಗಿ. ನಾಳೇನೂ ಬನ್ನಿ, ಹೆಂಗೂ ಪುಕ್ಕಟೆ."